ಸೆವೆರಿನ್ ಬಿಟ್ಟುಕೊಟ್ಟ ಸುತ್ತು

ಸೆವೆರಿನ್ ಯೋಚಿಸಲು ಶುರು ಮಾಡಿದರೆ ನಮ್ಮ ಕ್ಲಬ್ಬಿನಲ್ಲಿ ಜನ ಎದ್ದು ಹೋಗಿ ಚಹಾ ಕುಡಿದು, ಲೋಟ ತೊಳೆದಿಟ್ಟು, ಮನೆಗೊಂದು ಫೋನ್ ಮಾಡಿ ಬರುತ್ತಾರೆ. ವಾಪಸು ಬಂದಾಗಲೂ ಅವರು ಹಾಗೇ ಕೂತಿರುತ್ತಾರೆ. ಎರಡೂ ಅಂಗೈ ತೊಡೆಯ ಕೆಳಗೆ, ಕನ್ನಡಕ ಮೂಗಿನ ತುದಿಯಲ್ಲಿ, ತುಟಿ ಮಾತ್ರ ಏನನ್ನೋ ಎಣಿಸುತ್ತಿರುತ್ತದೆ. ಕೈಯನ್ನು ಯಾಕೆ ಹಾಗೆ ಅದುಮಿಟ್ಟುಕೊಳ್ಳುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ತಲೆಗಿಂತ ಮುಂಚೆ ಕೈ ಓಡಬಾರದಲ್ಲ, ಅದಕ್ಕೆ" ಎಂದರು. ಅವರ ಕೈ ಓಡಿದ್ದನ್ನು ಕಣ್ಣಾರೆ ಕಂಡವರು ತಾರ್ನುಫ್ ಊರಿನಲ್ಲಿ ಒಬ್ಬರೂ ಇಲ್ಲ. ಅದಕ್ಕೆ ಇಷ್ಟೊಂದು ಕಾವಲು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ತೆಕ್ಲಾ. ಬ್ರಿಡ್ಜ್ ಮೇಜಿನಲ್ಲಿ ಅವರ ಎದುರು ಕೂರುವ ಜೊತೆಗಾತಿ. ಅಷ್ಟೇ. ಹದಿನಾಲ್ಕು ವರ್ಷ ಆ 'ಅಷ್ಟೇ'ಯಲ್ಲೇ ಕಳೆದೆ, ಹೇಳಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅವರು ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ನನ್ನ ಗಂಡ ತೀರಿಕೊಂಡ ಮರುವರ್ಷ, ಮನೆಯಲ್ಲಿ ಸುಮ್ಮನೆ ಗೋಡೆ ನೋಡುತ್ತಾ ಕೂತರೆ ಹುಚ್ಚು ಹಿಡಿಯುತ್ತದೆಂದು ನಾನು ಅವರ ಬಳಿ ಕಲಿಯಲು ಸೇರಿದೆ. ನನ್ನದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅಂಥವಳನ್ನು ಆ ಮನುಷ್ಯ ಒಂದು ತಿಂಗಳು ಎಡಕ್ಕೆ ತಿರುಗಿಸಲು ಬಿಡಲಿಲ್ಲ. ನಮ್ಮ ಪೋಲೆಂಡಿನಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಓಡುತ್ತವೆ, ಎಡಕ್ಕೆ ತಿರುಗಬೇಕೆಂದರೆ ಎದುರಿನ ಸಾಲನ್ನು ದಾಟಬೇಕು. "ಎದುರಿನಿಂದ ಗಾಡಿ ಬರ್ತಿರುತ್ತೆ ತೆಕ್ಲಾ ಅವರೇ, ಬಲಕ್ಕೇ ಮೂರು ಸಲ ತಿರುಗಿಸಿದ್ರೂ ಅಲ್ಲಿಗೇ ಹೋಗಿ ಸೇರ್ತೀವಿ" ಎನ್ನುತ್ತಿದ್ದರು. ಹಾಗೆ ಬಲಕ್ಕೆ ಬಲಕ್ಕೆ ತಿರುಗಿ ತಿರುಗಿ ನಾನು ಊರಿನ ಒಂದೊಂದು ಗಲ್ಲಿಯನ್ನೂ ನೋಡಿದೆ. ಪರೀಕ್ಷೆಯಲ್ಲಿ ಮಾತ್ರ ಎಡಕ್ಕೆ ತಿರುಗಿಸಿ ಎಂದ ಕೂಡಲೇ ಫೇಲಾದೆ. ಸಿಟ್ಟಿನಿಂದ ಕಾರಿನ ಬಾಗಿಲು ಬಡಿದು ಇಳಿದಾಗ ಅವರು ಹಿಂದೆಯೇ ಇಳಿದು ಬಂದು, "ಗುರುವಾರ ಸಾಯಂಕಾಲ ಬಿಡುವಿದೆಯಾ? ನಿಮಗೆ ಬ್ರೇಕ್ ಹಾಕೋದು ಬರಲ್ಲ. ಆದ್ರೆ ನೆನಪಿನ ಶಕ್ತಿ ಚೆನ್ನಾಗಿದೆ. ಇಸ್ಪೀಟಿಗೆ ಅದು ಬೇಕು" ಎಂದರು. ಅದನ್ನು ಹೊಗಳಿಕೆ ಎಂದುಕೊಂಡು ಹೋದೆ ನೋಡಿ, ನನ್ನ ಕರ್ಮ.

ಕ್ಲಬ್ಬಿರುವುದು ಅಗ್ನಿಶಾಮಕ ಠಾಣೆಯ ಮೇಲಿನ ಹಾಲಿನಲ್ಲಿ. ಕೆಳಗೆ ಕೆಂಪು ಗಾಡಿಗಳು, ಮೇಲೆ ನಾವು. ಆಟದಲ್ಲಿ ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಸುತ್ತು, ದೊಡ್ಡ ಎಲೆ ಹಾಕಿದವರು ಆ ಪಟ್ಟು ಗೆದ್ದ ಹಾಗೆ. ಮೊದಲು ಹರಾಜಿನಂತೆ ಸವಾಲು ಕೂಗಬೇಕು: ಇಷ್ಟು ಪಟ್ಟು ಗೆಲ್ಲುತ್ತೇವೆ ಎಂದು. ಹೆಚ್ಚು ಕೂಗಿದವರದು ಆಟ. ಅವರ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು. ಎರಡು ಕೈಯ ಎಲೆಗಳನ್ನೂ ಸವಾಲು ಗೆದ್ದವರೇ ಆಡುತ್ತಾರೆ. ಹಾಗೆ ಬಿಚ್ಚಿಟ್ಟು ಕೂತವರನ್ನು ನಮ್ಮ ಪೋಲೆಂಡಿನಲ್ಲಿ 'ಅಜ್ಜ' ಎನ್ನುತ್ತೇವೆ. ಹೆಂಗಸಾದರೂ ಅಜ್ಜನೇ, ಇಪ್ಪತ್ತು ವರ್ಷದ ಹುಡುಗಿಯಾದರೂ ಅಜ್ಜನೇ. ಅಜ್ಜ ಮಾತಾಡುವ ಹಾಗಿಲ್ಲ, ಮುಖ ಸಿಂಡರಿಸುವ ಹಾಗಿಲ್ಲ, ಹೇಳಿದ ಎಲೆ ಎತ್ತಿ ಹಾಕಬೇಕು. ಬಾಯಿಗೆ ಬೀಗ ಹಾಕಿಕೊಂಡು ಕೂರುವ ಆ ಕೆಲಸ ಸುಮಾರು ಸಲ ನನ್ನ ಪಾಲಿಗೇ ಬರುತ್ತಿತ್ತು. ನನ್ನ ಗಿರಾಕಿಗಳಿಗೆ ಇದನ್ನು ಹೇಳಿದರೆ ಒಬ್ಬರೂ ನಂಬುವುದಿಲ್ಲ.

ಸೆವೆರಿನ್ ಎಲ್ಲವನ್ನೂ ಬಿಟ್ಟು ಒಂದೇ ಒಂದು ವಿಷಯಕ್ಕೆ ತಲೆ ಕೆಡಿಸಿಕೊಳ್ಳುವವರು: ದಾರಿ. ಅಜ್ಜನ ಕೈಯಲ್ಲಿ ಗೆಲ್ಲುವ ಎಲೆಗಳು ರಾಶಿ ಇದ್ದರೇನು, ಅಲ್ಲಿಗೆ ಹೋಗಲು ದಾರಿ ಇರಬೇಡವೇ? ಪಟ್ಟು ಯಾವ ಕೈಯಲ್ಲಿ ಗೆದ್ದೆವೋ ಆ ಕೈಯಿಂದಲೇ ಮುಂದಿನ ಎಲೆ ಇಳಿಯಬೇಕು. ತನ್ನ ಕೈಯಲ್ಲಿ ಸಿಕ್ಕಿಹಾಕಿಕೊಂಡರೆ ಅಜ್ಜನ ಎಲೆಗಳು ಮೇಜಿನ ಮೇಲೆ ಕೊಳೆಯುತ್ತವೆ, ಅಷ್ಟೇ. "ಅಜ್ಜನ ಮನೆಗೆ ಹೋಗೋದು ಹೇಗೆ, ವಾಪಸು ಬರೋದು ಹೇಗೆ, ಮತ್ತೆ ಹೋಗೋದು ಹೇಗೆ. ಮೊದಲ ಎಲೆ ಹಾಕೋ ಮುಂಚೆ ಇಷ್ಟೂ ಗೊತ್ತಿರಬೇಕು" ಎಂದು ಹೊಸಬರಿಗೆ ಹೇಳಿಕೊಡುತ್ತಾರೆ. ಸರಿಯಾದ ಮಾತೇ, ಯಾರು ಅಲ್ಲ ಅಂದರು? ಆದರೆ ಈ ಮನುಷ್ಯ ರೊಟ್ಟಿ ಅಂಗಡಿಗೆ ಹೋಗಲೂ ಹಾಗೇ ಹೊರಡುತ್ತಾರಲ್ಲ! ಕೊಡೆ ತಗೊಳ್ಳಲೋ ಬೇಡವೋ ಎಂದು ನಿಂತಿರುವಷ್ಟರಲ್ಲಿ ಮಳೆ ಬಂದು ನಿಂತೂ ಹೋಗಿರುತ್ತದೆ.

ಗುರುವಾರ ಆಟ ಮುಗಿದ ಮೇಲೆ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡುತ್ತಿದ್ದರು. ಬಸ್ಸು ಬರುವ ತನಕ ಅವತ್ತಿನ ಎಲೆಗಳ ಮಾತು. ನನ್ನ ಹೆಸರಿನ ಸಂತರ ಹಬ್ಬಕ್ಕೆ ಪ್ರತಿವರ್ಷ ಕಾರ್ನೇಷನ್ ಹೂವು ತರುತ್ತಿದ್ದರು, ಬಾಗಿಲಲ್ಲೇ ಕೊಟ್ಟು, ಬೂಟು ಬಿಚ್ಚಬೇಕಲ್ಲ ಎಂದು ಹೊರಗೇ ನಿಂತು ಹೊರಟುಬಿಡುತ್ತಿದ್ದರು. ಮದುವೆಯಾದವರಲ್ಲ. ಕೆಟ್ಟ ಚಟ ಒಂದೂ ಇಲ್ಲ. ಮೊದಮೊದಲು ಅಂಗಡಿಯಲ್ಲಿ ಗಿರಾಕಿಗಳು, "ಏನು ತೆಕ್ಲಾ, ನಿಮ್ಮ ಮೇಷ್ಟ್ರು ಬಾಯಿ ಬಿಟ್ರಾ?" ಎಂದು ಕಿಚಾಯಿಸುತ್ತಿದ್ದರು. ಆಮೇಲಾಮೇಲೆ ಅವರಿಗೇ ಬೇಜಾರಾಗಿ ಕೇಳುವುದನ್ನು ಬಿಟ್ಟರು. ನಾನು ಬಿಟ್ಟಿರಲಿಲ್ಲ. ಪ್ರತಿ ಗುರುವಾರ ಆ ಬಸ್ ನಿಲ್ದಾಣದಲ್ಲಿ, ಇವತ್ತು ಹೇಳುತ್ತಾರೆ, ಇವತ್ತು ಹೇಳುತ್ತಾರೆ ಎಂದು ನಿಲ್ಲುತ್ತಿದ್ದೆ. ನಾಚಿಕೆಗೆಟ್ಟವಳು ಅಂದುಕೊಂಡರೂ ಪರವಾಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಹೀಗಿರುವಾಗ ನನ್ನಕ್ಕ ಕ್ಲೆಮೆಂತಿನಾ ಗ್ದಿನ್ಯದಿಂದ ಫೋನ್ ಮಾಡಿದಳು. ಅವಳದು ಸಮುದ್ರದ ಹತ್ತಿರ ಮನೆ, ಬೇಸಗೆಯಲ್ಲಿ ಬರುವವರಿಗೆ ಕೋಣೆ ಬಾಡಿಗೆಗೆ ಕೊಡುತ್ತಾಳೆ. ಮೊಣಕಾಲು ನೋವು ಬಂದು ಮೆಟ್ಟಿಲು ಹತ್ತಲಾಗುತ್ತಿಲ್ಲ, ನೀನು ಅಂಗಡಿ ಮುಚ್ಚಿ ಇಲ್ಲಿಗೇ ಬಂದುಬಿಡು, ಇಬ್ಬರೂ ಸೇರಿ ನೋಡಿಕೊಳ್ಳೋಣ ಎಂದಳು. ಬರುವುದಿಲ್ಲವಾದರೆ ಬೇರೆ ಯಾರನ್ನಾದರೂ ಗೊತ್ತುಮಾಡಬೇಕು, ತಿಂಗಳ ಕೊನೆಯ ಭಾನುವಾರದೊಳಗೆ ಹೇಳು ಎಂದಳು. ಗ್ದಿನ್ಯ ಎಂದರೆ ದೇಶದ ಆ ತುದಿ. ಹೋದರೆ ಹೋದ ಹಾಗೆಯೇ.

ಆ ಗುರುವಾರವೇ ಬಸ್ ನಿಲ್ದಾಣದಲ್ಲಿ ಸೆವೆರಿನ್‌ಗೆ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. "ಅಕ್ಕ ಕರೀತಿದ್ದಾಳೆ. ಹೋದ್ರೆ ಮತ್ತೆ ಬರಲ್ಲ. ನೀವೇನಂತೀರಿ?" ಎಂದೆ. ಹುಡುಗಿಯ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. 'ಇರಿ' ಎಂಬ ಎರಡೇ ಅಕ್ಷರ ನನಗೆ ಸಾಕಿತ್ತು. ಅಷ್ಟು ಹೇಳಿದ್ದರೆ ಅಕ್ಕನಿಗೆ ಅಲ್ಲಿಂದಲೇ ಫೋನ್ ಮಾಡುತ್ತಿದ್ದೆ.

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಯೋಚನೆ ಮಾಡಿ ಹೇಳ್ತೀನಿ" ಎಂದರು.

ಬಸ್ಸಿನ ಕಿಟಕಿಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಮುಂದಿನ ಗುರುವಾರ ಅವರು ಕ್ಲಬ್ಬಿಗೇ ಬರಲಿಲ್ಲ! ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಬರುವ ಮನುಷ್ಯ. ಅದರ ಮುಂದಿನ ಗುರುವಾರವೂ ಇಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕಾಗ, "ಸ್ವಲ್ಪ ಕೆಲಸ ಇತ್ತು" ಎಂದರು. ಏನು ಕೆಲಸ ಎಂದರೆ, "ಇತ್ತು, ಹೀಗೇ" ಎಂದರು. ನನ್ನ ಮುಖ ನೋಡಬೇಕಾಗುತ್ತದೆ ಎಂದು ತಪ್ಪಿಸಿಕೊಳ್ಳುತ್ತಿದ್ದಾರೆ, ಇನ್ನೇನು? ಹಾಗೆಂದುಕೊಂಡು ಮನೆಗೆ ಬಂದು ಒಂದು ಬಾಣಲೆ ಈರುಳ್ಳಿ ಸೀಯಿಸಿದೆ.

ಆ ಕೊನೆಯ ಭಾನುವಾರವೇ ಜಿಲ್ಲೆಯ ಪಂದ್ಯ, ನಮ್ಮ ಹಾಲಿನಲ್ಲೇ. ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ನೆಟ್ಟಗೆ ಅಲ್ಲಿಗೆ ಹೋದೆ. ಅವರು ಆಗಲೇ ಕೂತಿದ್ದರು. ಹೊಸ ಟೈ ಬೇರೆ. "ಯೋಚನೆ ಆಯ್ತಾ?" ಎಂದೆ ಕೋಟು ಬಿಚ್ಚುತ್ತಾ. "ಆಗ್ತಾ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ಹೇಳ್ತೀನಿ" ಎಂದರು. ಮೂರು ವಾರ ಸಾಲಲಿಲ್ಲ, ಊಟದ ಹೊತ್ತಿನವರೆಗೂ ಬೇಕಂತೆ.

ಬಿಡುವಿಗೆ ಮುಂಚಿನ ಕೊನೆಯ ಆಟದಲ್ಲಿ ನಮಗೆ ಎದುರಾದವರು ಹಲ್ಲಿನ ಡಾಕ್ಟರ್ ಬ್ರೊನಿಷ್ ಮತ್ತು ಅವರ ಭಾವಮೈದುನ. ತುರುಫಿಲ್ಲದೆ, ಅಂದರೆ ಯಾವ ಬಣ್ಣಕ್ಕೂ ಮೇಲುಗೈ ಇಲ್ಲದೆ, ಒಂಬತ್ತು ಪಟ್ಟು ಗೆಲ್ಲುತ್ತೇವೆಂದು ಸೆವೆರಿನ್ ಸವಾಲು ಗೆದ್ದರು. ನಾನು ಅಜ್ಜ. ಎಲೆ ಬಿಚ್ಚಿಟ್ಟೆ. ನನ್ನ ಬಳಿ ಡೈಮಂಡಿನ ಉದ್ದ ಸಾಲು, ಎಕ್ಕ, ರಾಜ, ಅದರ ಹಿಂದೆ ನಾಲ್ಕು ಚಿಲ್ಲರೆ. ಉಳಿದದ್ದೆಲ್ಲ ಕಸ. ಅವರ ಕೈಯಲ್ಲಿದ್ದ ಡೈಮಂಡ್ ಎರಡೇ, ಎರಡೂ ಚಿಕ್ಕವು.

ಇಂಥ ಎಲೆಯನ್ನು ಹೇಗೆ ಆಡಬೇಕೆಂದು ಮೊದಲ ವರ್ಷದವರಿಗೂ ಗೊತ್ತು. ಎಕ್ಕ, ರಾಜ ಎರಡನ್ನೂ ಮೊದಲೇ ಬಡಿದುಬಿಟ್ಟರೆ ಸೆವೆರಿನ್ ಕೈಯಲ್ಲಿ ಡೈಮಂಡ್ ಖಾಲಿ. ಮೂರನೆಯ ಸುತ್ತನ್ನು ಎದುರಿನವರು ಹೊಡೆದುಕೊಳ್ಳುತ್ತಾರೆ. ಆಮೇಲೆ ನನ್ನ ಚಿಲ್ಲರೆಗಳೆಲ್ಲ ಗೆಲ್ಲುವ ಎಲೆಗಳೇ, ಆದರೆ ಅಲ್ಲಿಗೆ ಬರುವ ದಾರಿ ಮುಚ್ಚಿರುತ್ತದೆ. ಅದಕ್ಕೆ ಮೊದಲ ಸುತ್ತನ್ನು ಬೇಕೆಂದೇ ಬಿಟ್ಟುಕೊಡಬೇಕು. ಎಕ್ಕ, ರಾಜ ಕೈಯಲ್ಲಿದ್ದರೂ ಚಿಕ್ಕದನ್ನು ಹಾಕಿ, ತಗೊಳ್ಳಿ ಎಂದು ಎದುರಿನವರಿಗೆ ಕೊಟ್ಟುಬಿಡಬೇಕು. ಆಗ ಸೆವೆರಿನ್ ಬಳಿ ಇನ್ನೊಂದು ಡೈಮಂಡ್ ಉಳಿಯುತ್ತದೆ, ಅದನ್ನು ಹಿಡಿದು ಎರಡನೆಯ ಸುತ್ತಿಗೆ ಅಜ್ಜನ ಮನೆಗೆ ಬಂದರೆ ರಾಶಿಯೆಲ್ಲ ನಮ್ಮದೇ. ಬಿಟ್ಟುಕೊಟ್ಟದ್ದು ಕಳೆದುಕೊಂಡದ್ದಲ್ಲ. ಇದಕ್ಕೆ ಯೋಚನೆ ಯಾಕೆ ಬೇಕು?

ಸೆವೆರಿನ್‌ಗೆ ಬೇಕು. ಕೈಗಳು ತೊಡೆಯ ಕೆಳಗೆ ಹೋದವು. ಕೆಳಗಿನ ಠಾಣೆಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಪಕ್ಕದ ಮೇಜಿನವರು ಮುಗಿಸಿ ಎದ್ದರು. ಅದರ ಪಕ್ಕದವರೂ ಎದ್ದರು.

"ಸೆವೆರಿನ್ ಅವರೇ," ಎಂದರು ಬ್ರೊನಿಷ್, "ನನ್ನ ಕುರ್ಚಿಯಲ್ಲಿ ದವಡೆ ಹಲ್ಲು ಕೀಳಿಸಿಕೊಳ್ಳೋರೂ ಬಾಯಿ ತೆರೆಯೋಕೆ ಇಷ್ಟು ಹೊತ್ತು ತಗೊಳಲ್ಲ."

ಪಂದ್ಯ ನೋಡಿಕೊಳ್ಳುತ್ತಿದ್ದ ಯೂಲಿತಾ ಬಂದು ಮೇಜಿನ ಪಕ್ಕ ನಿಂತಳು. "ಗಡಿಯಾರ ನೋಡ್ಕೊಳ್ಳಿ. ಇನ್ನು ತಡ ಮಾಡಿದ್ರೆ ನಿಮ್ಮ ಪಾಯಿಂಟ್ ಕಡಿತೀನಿ."

"ಕಡೀರಿ" ಎಂದರು ಸೆವೆರಿನ್ ಮೃದುವಾಗಿ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಬಾಯಿ ಬಿಡುವ ಹಾಗಿಲ್ಲವಲ್ಲ! ಮೇಜಿನ ಕೆಳಗೆ ನನ್ನ ಬೂಟು ತಾನಾಗಿ ನೆಲ ಕುಟ್ಟತೊಡಗಿತು. ಯೂಲಿತಾ ಅದನ್ನೂ ಕಂಡು, "ಅಜ್ಜ, ಕಾಲು" ಎಂದಳು.

ಕೊನೆಗೂ ಚಿಕ್ಕ ಡೈಮಂಡ್ ಇಳಿಸಿದರು. ಬ್ರೊನಿಷ್ ಆಸಾಮಿ ಖದೀಮ, ತಟ್ಟನೆ ರಾಣಿಯನ್ನೇ ಎತ್ತಿ ಹಾಕಿದರು. ರಾಣಿ ಕಂಡರೆ ಯಾರಿಗಾದರೂ ರಾಜನನ್ನು ಹೇರಿ ಹೊಡೆಯುವ ಆಸೆ ಹುಟ್ಟುತ್ತದೆ. ನನ್ನ ಬೆರಳು ಆಗಲೇ ರಾಜನ ಮೇಲಿತ್ತು.

"ಅಜ್ಜ, ಚಿಕ್ಕದು" ಎಂದರು ಸೆವೆರಿನ್.

ರಾಣಿಗೆ ಆ ಪಟ್ಟನ್ನು ಬಿಟ್ಟುಕೊಟ್ಟರು. ಆಮೇಲೆ ಎಲ್ಲ ಅವರು ಎಣಿಸಿದ ಹಾಗೇ ನಡೆಯಿತು. ಇನ್ನೊಂದು ಚಿಕ್ಕ ಡೈಮಂಡ್ ಹಿಡಿದು ಎಕ್ಕಕ್ಕೆ ಬಂದರು, ರಾಜ ಆಡಿದರು, ಉಳಿದ ಚಿಲ್ಲರೆಗಳು ಒಂದೊಂದಾಗಿ ಪಟ್ಟು ಗೆದ್ದವು. ಸರಿಯಾಗಿ ಒಂಬತ್ತು. ಬ್ರೊನಿಷ್ ಎಲೆ ಕೆಳಗಿಟ್ಟು, "ಹೋಗ್ಲಿ ಬಿಡಿ, ನಿಮಗೆ ಆಸೆ ಅನ್ನೋದೇ ಇಲ್ಲ ಮಾರಾಯ್ರೆ" ಎಂದು ನಕ್ಕರು. ಯೂಲಿತಾ ತಡ ಮಾಡಿದ್ದಕ್ಕೆ ಪಾಯಿಂಟ್ ಕಡಿದೇ ಬಿಟ್ಟಳು.

ಬಿಡುವಿನಲ್ಲಿ ಎಲ್ಲರೂ ಹುಳಿ ಸೂಪಿನ ಪಾತ್ರೆಗೆ ಮುತ್ತಿಕೊಂಡರು. ನಾನು ಸೆವೆರಿನ್ ಅವರನ್ನು ಮೆಟ್ಟಿಲಿನ ಹತ್ತಿರ ಅಡ್ಡಗಟ್ಟಿದೆ. "ಹೇಳಿ. ಇವತ್ತು ಅಕ್ಕನಿಗೆ ಉತ್ತರ ಕೊಡ್ಬೇಕು. ಹೋಗ್ಲೋ, ಇರ್ಲೋ?"

ಅವರು ಗೋಡೆಗೆ ಒರಗಿದರು. ಮುಖ ಕೆಂಪಾಗಿತ್ತು. "ಎಲ್ಲಾ ಲೆಕ್ಕ ಹಾಕಿ ನೋಡಿದೆ ತೆಕ್ಲಾ ಅವರೇ. ಹಿಂದೂ ಮುಂದೂ ನೋಡಿದೆ. ಈ ಸುತ್ತು ನಾನು ಬಿಟ್ಟುಕೊಡ್ಬೇಕು. ನೀವು ಹೋಗಿ."

"ಏನಂದ್ರಿ?"

"ಬಿಟ್ಟುಕೊಡ್ತೀನಿ ಅಂದೆ. ನೀವು ಸಮಾಧಾನವಾಗಿ ಹೋಗಿ." ಎಂದು ನಕ್ಕರು ಬೇರೆ! ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ ನಕ್ಕರು.

ನನ್ನ ಕಿವಿ ಗುಂಯ್ ಎಂದಿತು. ಹದಿನಾಲ್ಕು ವರ್ಷ ಕಾದದ್ದಕ್ಕೆ ಇದು ಉತ್ತರ. ಅಳು ಬಂತು, ಅಳುವುದಕ್ಕಿಂತ ಮುಂಚೆ ಸಿಟ್ಟು ಬಂತು. "ಬಹಳ ಉಪಕಾರವಾಯ್ತು" ಎಂದೆ. "ಇಷ್ಟು ಹೇಳೋಕೆ ಮೂರು ವಾರ ಬೇಕಾಯ್ತಾ ನಿಮಗೆ? ಅವತ್ತೇ ಬಸ್ ನಿಲ್ದಾಣದಲ್ಲಿ ಹೇಳಿದ್ರೆ ನಾನು ಈಗಾಗ್ಲೇ ಗಂಟುಮೂಟೆ ಕಟ್ಟಿರ್ತಿದ್ದೆ!" ಅವರು ಏನೋ ಹೇಳಲು ಬಾಯಿ ತೆರೆದರು. ನಾನು ನಿಲ್ಲಲಿಲ್ಲ. ಕೈ ತೊಳೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಬಿಡುವಿನ ನಂತರ ನಾನು ಆಡಿದ್ದನ್ನು ಆಟ ಎಂದು ಕರೆಯುವ ಹಾಗಿಲ್ಲ. ಒಂದು ಸಲ ನಾನೇ ಸವಾಲು ಗೆದ್ದೆ, ಸೆವೆರಿನ್ ಅಜ್ಜನಾದರು. ಅವರ ಬಳಿಯೂ ಉದ್ದ ಸಾಲು, ಎಕ್ಕ ರಾಜ, ಬೇರೆ ದಾರಿಯಿಲ್ಲ. ನನಗೆ ಆಗ ಯಾರಿಗೂ ಏನನ್ನೂ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಎಕ್ಕ ಕೂಗಿದೆ, ರಾಜ ಕೂಗಿದೆ, ದಾರಿ ಮುಚ್ಚಿಕೊಂಡು ನಿಂತೆ. ಅವರು ಅಜ್ಜ, ಮಾತಾಡುವಂತಿರಲಿಲ್ಲ. ಹೇಳಿದ ಎಲೆ ಎತ್ತಿ ಹಾಕಿದರು, ನನ್ನ ಮುಖವನ್ನೇ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಸಾಯಂಕಾಲ ಫಲಿತಾಂಶ ಓದುವಾಗ ನಮ್ಮ ಜೋಡಿ ಕೆಳಗಿನಿಂದ ಎರಡನೆಯದು.

ಕೋಟು ಹಾಕಿಕೊಂಡು ಯಾರಿಗೂ ಹೇಳದೆ ಇಳಿದು ಬಂದೆ. ಠಾಣೆಯ ಅಂಗಳದಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದೆ.

"ಬರ್ತೀನಿ ಕಣೇ" ಎಂದೆ. "ಇಲ್ಲಿ ನನಗೆ ಯಾರೂ ಇಲ್ಲ."

"ಬಾ ಬಾ, ಗೊತ್ತಿತ್ತು" ಎಂದಳು ಕ್ಲೆಮೆಂತಿನಾ. "ನಿಮ್ಮೋರು ಅಂದ್ರು, ಅವಳು ಬಂದೇ ಬರ್ತಾಳೆ ಅಂತ."

"ಯಾರು ನಮ್ಮೋರು?"

"ಅದೇ ಕಣೇ, ಆ ಕನ್ನಡಕದ ಮೇಷ್ಟ್ರು. ಸೆವೆರಿನ್. ಎರಡು ಸಲ ಬಂದು ಹೋದರಲ್ಲ. ಗುರುವಾರ ಗುರುವಾರ ರೈಲಲ್ಲಿ ಬಂದು, ರಾತ್ರಿ ರೈಲಲ್ಲೇ ವಾಪಸು. ಪಾಪ, ಸೂಪು ಕುಡಿಯೋಕೂ ಕೂರಲಿಲ್ಲ. ಅಯ್ಯೋ, ಹೇಳ್ಬೇಡಿ ಅಂದಿದ್ರು. ಹೇಳಿಬಿಟ್ಟೆನಲ್ಲ."

ನಾನು ಅಲ್ಲೇ ಇದ್ದ ಕಲ್ಲುಕಟ್ಟೆಯ ಮೇಲೆ ಕೂತೆ. "ಯಾಕೆ ಬಂದಿದ್ರು?"

"ಇನ್ಯಾಕೆ? ನಮ್ಮ ಹಿಂದಿನ ಬೀದೀಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ನೀನು ಬಂದು ಒಂದು ತಿಂಗಳಾದ್ಮೇಲೆ ಬರ್ತಾರಂತೆ. ಒಟ್ಟಿಗೆ ಬಂದ್ರೆ ಜನ ಮಾತಾಡ್ತಾರೆ, ನೀನು ಮೊದಲು ನೆಲೆಯಾಗ್ಲಿ ಅಂತ. ಇಲ್ಲಿ ಬ್ರಿಡ್ಜ್ ಕ್ಲಬ್ ಎಲ್ಲಿದೆ, ನನ್ನ ಮನೆಯಿಂದ ಅಲ್ಲಿಗೆ ಏರು ಹತ್ತಬೇಕಾ, ಚಳಿಗಾಲದಲ್ಲಿ ಬಸ್ಸು ಓಡುತ್ತಾ, ಎಲ್ಲಾ ಕೇಳಿದ್ರು. ನನ್ನ ತಲೆ ತಿಂದ್ರು ಅಂದ್ಕೋ. ಕಾರು ಮಾರಿದ್ರಂತೆ. ಅಲ್ಲಿನ ಮನೆಯನ್ನ ಅಣ್ಣನ ಮಗನಿಗೆ ಬಿಟ್ಟುಕೊಟ್ರಂತೆ. ಅಲ್ವೇ, ಅವರು ನಿನಗೆ ಏನಾಗ್ಬೇಕು?"

ಏನಾಗಬೇಕು ಎಂದು ನನಗೆ ಗೊತ್ತಿದ್ದರೆ ತಾನೇ ಹೇಳಲು? ಫೋನ್ ಇಟ್ಟೆ. ಮತ್ತೆ ಮೆಟ್ಟಿಲು ಹತ್ತಿದೆ. ಸಂತೋಷವೋ ಸಿಟ್ಟೋ ಕೇಳಬೇಡಿ, ಸಿಟ್ಟೇ ಹೆಚ್ಚಾಗಿತ್ತು.

ಹಾಲಿನಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಹಾಕಿದ್ದರು. ಒಂದೇ ಒಂದು ಮೇಜು ಬಾಕಿ. ಅಲ್ಲಿ ಸೆವೆರಿನ್ ಕೂತಿದ್ದರು, ನಾನು ಕೆಡಿಸಿದ ಆ ಆಟದ ಎಲೆಗಳನ್ನು ಮತ್ತೆ ಜೋಡಿಸಿಕೊಂಡು. ನನ್ನನ್ನು ಕಂಡು ತಲೆಯೆತ್ತಿದರು.

"ನೀವು ಮೊದಲ ಸುತ್ತು ಬಿಟ್ಟುಕೊಟ್ಟಿದ್ರೆ..." ಎಂದು ಶುರುಮಾಡಿದರು.

"ಬಾಯ್ಮುಚ್ಚಿ!" ಎಂದೆ. ಕೆಳಗಿನ ಠಾಣೆಯವರಿಗೂ ಕೇಳಿಸಿರಬೇಕು. "ಗ್ದಿನ್ಯಕ್ಕೆ ಹೋಗಿದ್ರಾ ನೀವು?"

ಅವರ ಕೈಯ ಎಲೆಗಳು ಜಾರಿದವು. "ಅಕ್ಕ ಹೇಳಿಬಿಟ್ರಾ?"

"ಅಕ್ಕ ಹೇಳಿದ್ಲು. ನೀವು ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ!" ಎಂದರು. ನಿಜವಾಗಿಯೂ ಅವರಿಗೆ ಅರ್ಥವಾಗುತ್ತಿರಲಿಲ್ಲ. "ಮೆಟ್ಟಿಲ ಹತ್ರ ಹೇಳಿದೆನಲ್ಲ ತೆಕ್ಲಾ ಅವರೇ. ಈ ಸುತ್ತು ಬಿಟ್ಟುಕೊಡ್ತೀನಿ ಅಂತ. ಬಿಟ್ಟುಕೊಡೋದು ಯಾಕೆ? ದಾರಿ ಉಳಿಸಿಕೊಳ್ಳೋಕೆ ತಾನೇ? ಎರಡನೇ ಸುತ್ತಿಗೆ ಬರ್ತೀನಿ ಅಂತ ತಾನೇ ಅರ್ಥ? ಬೇರೆ ಯಾರಿಗಾದ್ರೂ ಹೀಗೆ ಹೇಳ್ತಿರಲಿಲ್ಲ. ನಿಮಗೆ ಗೊತ್ತಾಗುತ್ತೆ ಅಂದ್ಕೊಂಡೆ. ಅದಕ್ಕೆ ಸ್ವಲ್ಪ ಮುಂಚೆ ತಾನೇ ಅದೇ ಆಟ ಆಡಿದ್ವಿ. ದೇವರೇ ಕೊಟ್ಟ ಎಲೆ ಅನ್ನಿಸ್ತು ನನಗೆ."

ದೇವರನ್ನು ಬೇರೆ ಎಳೆದು ತಂದರು! ನಾನು ಅವರ ಎದುರು ನಿಂತು ಮೇಜಿಗೆ ಕೈ ಊರಿದೆ. ಎಲೆಗಳು ಚೆಲ್ಲಾಪಿಲ್ಲಿಯಾದವು.

"ಒಬ್ಬ ಹೆಂಗಸು ಬಂದು, ಹೋಗ್ಲೋ ಇರ್ಲೋ ಅಂತ ಕೇಳ್ತಾಳೆ. ನೀವು ಕಾರು ಮಾರ್ತೀರಿ, ಮನೆ ಕೊಡ್ತೀರಿ, ದೇಶದ ಆ ತುದಿಗೆ ಹೋಗಿ ಕೋಣೆ ಹಿಡೀತೀರಿ, ಏರು ಎಷ್ಟು ಇಳಿಜಾರು ಎಷ್ಟು ಅಂತ ನೋಡ್ಕೊಂಡು ಬರ್ತೀರಿ. ಆ ಹೆಂಗಸಿಗೆ ಏನು ಬೇಕು ಅಂತ ಒಂದ್ಮಾತು ಕೇಳಲ್ಲ! ಸಮುದ್ರದ ಗಾಳಿ ನನಗೆ ಆಗಲ್ಲ ಕಣ್ರೀ. ಅಕ್ಕನ ಜೊತೆ ಒಂದು ವಾರ ಇದ್ರೆ ಜಗಳ ಆಗುತ್ತೆ. ನನ್ನ ಅಂಗಡಿ ಇಲ್ಲಿದೆ. ನಾನು ಹೋಗೋಕೆ ಅಂತ ಕೇಳಲೇ ಇಲ್ಲ ನಿಮ್ಮನ್ನ!"

"ಮತ್ತೆ ಯಾಕೆ ಕೇಳಿದ್ರಿ?"

"ಇರಿ ಅನ್ಲಿ ಅಂತ!" ಎಂದೆ. "ನಿಮ್ಮ ಬಾಯಿಂದ ಅದೊಂದು ಮಾತು ಬರ್ಲಿ ಅಂತ. ನೀವು ಇರಿ ಅಂದಿದ್ರೆ ನಾನು ಇಲ್ಲೇ ಇರ್ತಿದ್ದೆ. ಇಷ್ಟೂ ಹೊಳೀಲಿಲ್ವಾ ನಿಮಗೆ?"

ಸೆವೆರಿನ್ ಅವರ ಕೈಗಳು ಅಭ್ಯಾಸದಂತೆ ತೊಡೆಯ ಕೆಳಗೆ ಹೋಗುತ್ತಿದ್ದವು, ಅರ್ಧಕ್ಕೇ ನಿಂತವು.

"ಇಲ್ಲ" ಎಂದರು. ದನಿ ತೀರಾ ಸಣ್ಣದಾಗಿತ್ತು. "ನಾನು ಎಲ್ಲಾ ಲೆಕ್ಕ ಹಾಕಿದೆ. ನೀವು ಹೋದ್ರೆ ನಾನು ಹೇಗೆ ಬರೋದು, ಬಂದ್ರೆ ಎಲ್ಲಿ ಇರೋದು, ನೀವು ಬೇಡ ಅಂದ್ರೆ ದೂರದಿಂದ ಗುರುವಾರ ಮಾತ್ರ ನೋಡೋಕೆ ಆಗುತ್ತಾ, ಎಲ್ಲಾ. ನನಗೋಸ್ಕರ ನೀವು ಇಲ್ಲೇ ಇದ್ದುಬಿಡಬಹುದು ಅನ್ನೋದು ಲೆಕ್ಕಕ್ಕೇ ಬರಲಿಲ್ಲ."

ಬೈಯುವುದಕ್ಕೆ ಇನ್ನೂ ಬಹಳ ಇತ್ತು ನನ್ನ ಬಳಿ. ಒಂದೂ ನೆನಪಿಗೆ ಬರಲಿಲ್ಲ. ಮಗುಚಿದ್ದ ಒಂದು ಕುರ್ಚಿಯನ್ನು ಇಳಿಸಿ, ಎಳೆದು ಕೂತೆ. ಕಣ್ಣು ಒರೆಸಿಕೊಂಡೆ. ಕೋಟಿನ ತೋಳೆಲ್ಲ ಒದ್ದೆ.

"ಹಾಗಾದ್ರೆ ಈಗ ಹೇಳಿ" ಎಂದೆ.

"ಇರು, ತೆಕ್ಲಾ" ಎಂದರು.

ಯೋಚಿಸಲೇ ಇಲ್ಲ! ಕನ್ನಡಕ ಒರೆಸಲಿಲ್ಲ, ತುಟಿ ಎಣಿಸಲಿಲ್ಲ. ನನ್ನನ್ನು ಯಾರಾದರೂ 'ನೀನು' ಎಂದು ಕರೆದು ಎಷ್ಟು ಕಾಲವಾಗಿತ್ತೋ, ಅಕ್ಕನನ್ನು ಬಿಟ್ಟರೆ.

ಆಮೇಲೆ ನನಗೆ ಎಚ್ಚರವಾಯಿತು. "ಅಲ್ಲಾ, ಮನೆ ಬೇರೆ ಅಣ್ಣನ ಮಗನಿಗೆ ಕೊಟ್ಟಾಗಿದೆ. ಗ್ದಿನ್ಯದ ಕೋಣೆಗೆ ಹೋಗೋ ಹಾಗಿಲ್ಲ. ಎಲ್ಲಿರ್ತೀರಿ ಈಗ? ನನ್ನ ಮನೇಲಿ ಇರ್ಬೇಕು ತಾನೇ? ನಿಮ್ಮಮ್ಮನ ಕಾಲದ ಆ ದೊಡ್ಡ ಬೀರು ಇದೆ ಅಂತಿದ್ರಲ್ಲ, ಅದನ್ನ ಏನ್ಮಾಡ್ತೀರಿ? ನನ್ನ ಬಾಗಿಲಲ್ಲಿ ಅದು ತೂರೋದೇ ಇಲ್ಲ."

"ತೂರುತ್ತೆ" ಎಂದರು ಸೆವೆರಿನ್. "ಕಾಲು ಬಿಚ್ಚಿ, ಓರೆ ಮಾಡಿ ತಗೊಂಡ್ರೆ ತೂರುತ್ತೆ. ಅಳತೆ ತಗೊಂಡಿದ್ದೀನಿ."

"ಯಾವಾಗ?"

"ಒಂದ್ಸಲ ನಿನ್ನ ಅಡುಗೆಮನೆಯ ನಲ್ಲಿ ಸೋರ್ತಿದೆ ಅಂತ ನೋಡೋಕೆ ಬಂದಿದ್ದೆನಲ್ಲ. ನೀನು ಚಹಾ ಮಾಡ್ತಿದ್ದೆ. ಆಗ ಬಾಗಿಲು ಅಳೆದೆ."

ಆ ನಲ್ಲಿ ಸೋರಿದ್ದು ನಾವು ಆಡಲು ಶುರುಮಾಡಿದ ಎರಡನೆಯ ಚಳಿಗಾಲ. ಹನ್ನೆರಡು ವರ್ಷ! ಹನ್ನೆರಡು ವರ್ಷದಿಂದ ನನ್ನ ಬಾಗಿಲಿನ ಅಳತೆ ಜೇಬಿನಲ್ಲಿಟ್ಟುಕೊಂಡು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತು ಎಲೆಗಳ ಮಾತಾಡಿದ್ದಾರೆ. ಈ ಮನುಷ್ಯನನ್ನು ಏನು ಮಾಡಬೇಕು, ನೀವೇ ಹೇಳಿ.